ಟೊಲೀಡೊ ಯಾರ ಕಡೆ?

2014ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ ಜಾಲತಾಣದಲ್ಲಿ ಅಮೆರಿಕದ ನಕ್ಷೆಯೊಂದನ್ನು ಪ್ರಕಟಿಸಿತು. ಯಾವ ಊರಿನವರು ಯಾವ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಎಂಬುದನ್ನು ಫೇಸ್‌ಬುಕ್ಕಿನ ಲೈಕುಗಳಿಂದ ಲೆಕ್ಕ ಹಾಕಿ, ನಮ್ಮ ಪಿನ್‌ಕೋಡಿಗೆ ಸಮನಾದ ಜಿಪ್ ಕೋಡ್ ವಲಯಗಳಿಗೆ ಆಯಾ ತಂಡದ ಬಣ್ಣ ಬಳಿದಿದ್ದ ನಕ್ಷೆ ಅದು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೇಸ್‌ಬಾಲಿಗೂ ಅವರು ಇಂತಹುದೇ ನಕ್ಷೆ ಮಾಡಿದ್ದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಎದ್ದು ಕಂಡದ್ದು ಒಂದು ವ್ಯತ್ಯಾಸ. ಬೇಸ್‌ಬಾಲಿನಲ್ಲಿ ಒಲವು ದೊಡ್ಡ ನಗರದಿಂದ ಸುತ್ತಲಿನ ಊರುಗಳಿಗೆ ಹಬ್ಬುತ್ತಾ ಹೋಗಿ, ಇನ್ನೊಂದು ನಗರದ ಪ್ರಭಾವ ಶುರುವಾಗುವ ಕಡೆ ನಿಲ್ಲುತ್ತದೆ. ರಾಜ್ಯದ ಗಡಿಯನ್ನು ಅದು ಅಷ್ಟಾಗಿ ಲೆಕ್ಕಿಸುವುದಿಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ಮಾತ್ರ ಬಣ್ಣಗಳು ಅನೇಕ ಕಡೆ ರಾಜ್ಯದ ಗಡಿಗೆ ಬಂದು ತಟ್ಟನೆ ಬದಲಾಗುತ್ತವೆ.

ನಾನು ಆಗ ಒಹಾಯೊ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದೆ. ನಕ್ಷಾರಚನೆಯ ತರಗತಿಗೆ ಸೆಮಿಸ್ಟರಿನ ಕೊನೆಯಲ್ಲಿ ಒಂದು ಯೋಜನೆಯನ್ನು ಒಪ್ಪಿಸಬೇಕಾಗಿತ್ತು. ಆ ಗಡಿ ನಿಜವಾಗಿಯೂ ಅಷ್ಟು ಹರಿತವಾಗಿದೆಯೇ ಎಂಬುದನ್ನು ಒಂದೇ ಊರಿನಲ್ಲಿ, ಒಂದೇ ದಿನದ ಮಟ್ಟಿಗೆ ಪರೀಕ್ಷಿಸಲು ನಾನು ಮುಂದಾದೆ. ಊರು ಟೊಲೀಡೊ; ದಿನ ನವೆಂಬರ್ 29, ಶನಿವಾರ. ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡಗಳು ಅಂದು ಒಹಾಯೊ ಸ್ಟೇಟ್ ಇರುವ ಕೊಲಂಬಸ್‌ನಲ್ಲಿ ಎದುರಾಗುವುದಿತ್ತು.

ಈ ಪೈಪೋಟಿಯ ತೀವ್ರತೆ ನಮ್ಮ ಕಡೆಯ ಓದುಗರಿಗೆ ಸುಲಭವಾಗಿ ಅರಿವಾಗಲಿಕ್ಕಿಲ್ಲ. ನಾನು ಓದಿದ ಕಾಲೇಜಿನಲ್ಲಿ ಅಂತರ ಕಾಲೇಜು ಪಂದ್ಯಗಳಿಗೆ ಬರುತ್ತಿದ್ದ ಪ್ರೇಕ್ಷಕರೆಂದರೆ ಬದಲಿ ಆಟಗಾರರು ಮತ್ತು ತರಗತಿ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದವರು. ಇಲ್ಲಿ ಕೊಲಂಬಸ್‌ನ ಕ್ರೀಡಾಂಗಣದಲ್ಲೂ ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಊರಿನ ಕ್ರೀಡಾಂಗಣದಲ್ಲೂ ಒಂದೊಂದು ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ. ಎರಡು ತಂಡಗಳ ನಡುವಿನ ಮೊದಲ ಪಂದ್ಯ ನಡೆದದ್ದು 1897ರಲ್ಲಿ. ಪಂದ್ಯದ ವಾರ ಬಂತೆಂದರೆ ಒಹಾಯೊ ಸ್ಟೇಟ್ ಆವರಣದ ಫಲಕಗಳಲ್ಲಿ ಇರುವ ಎಂ ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿಯ ಅಡ್ಡಗೀಟು ಬೀಳುತ್ತದೆ. ಮಿಷಿಗನ್ ಎಂಬ ಹೆಸರನ್ನು ಬಾಯಲ್ಲಿ ಹೇಳಲೂ ಒಪ್ಪದೆ "ಉತ್ತರದ ಆ ತಂಡ" ಎನ್ನುವವರಿಗೂ ಅಲ್ಲಿ ಕೊರತೆಯಿಲ್ಲ.

ಟೊಲೀಡೊ ಒಹಾಯೊದ ವಾಯವ್ಯ ಮೂಲೆಯಲ್ಲಿ, ಮಿಷಿಗನ್ ಗಡಿಗೆ ಒತ್ತಿಕೊಂಡೇ ಇದೆ. ಅಲ್ಲಿಂದ ಆನ್ ಆರ್ಬರ್‌ಗೆ ಸುಮಾರು 80 ಕಿಲೋಮೀಟರ್. ತನ್ನದೇ ರಾಜ್ಯದ ಕೊಲಂಬಸ್‌ಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ದೂರವೇ ಒಲವನ್ನು ನಿರ್ಧರಿಸುವುದಾದರೆ ಊರಿಗೆ ಊರೇ ಮಿಷಿಗನ್ ಕಡೆಗಿರಬೇಕು. ಇತಿಹಾಸವೂ ಹೆಚ್ಚುಕಡಿಮೆ ಆ ವಾದಕ್ಕೇ ಇಂಬು ಕೊಡುತ್ತದೆ. ಮಿಷಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ಎಳೆದ ಗೆರೆಯೇ ಗಡಿ ಎಂದು 1787ರ ಶಾಸನವು ಸೂಚಿಸಿತ್ತು. ಆದರೆ ಆ ಕಾಲದ ನಕ್ಷೆಯು ಸರೋವರದ ತುದಿಯನ್ನು ಇರಬೇಕಾದದ್ದಕ್ಕಿಂತ ಬಹಳ ಉತ್ತರಕ್ಕೆ ತೋರಿಸಿತ್ತು. ಆ ನಕ್ಷೆಯನ್ನು ನಂಬಿದ ಒಹಾಯೊ ಒಂದು ಗೆರೆಯನ್ನೂ, ನಿಜವಾದ ಭೂಮಾಪನವನ್ನು ನಂಬಿದ ಮಿಷಿಗನ್ ಇನ್ನೊಂದು ಗೆರೆಯನ್ನೂ ತಮ್ಮದೆಂದು ಸಾಧಿಸಿದ್ದರಿಂದ, ಎರಡರ ನಡುವೆ 468 ಚದರ ಮೈಲಿಯಷ್ಟು ಪಟ್ಟಿಯೊಂದು ವಿವಾದಕ್ಕೆ ಬಿತ್ತು. ಟೊಲೀಡೊ ಇದ್ದದ್ದು ಆ ಪಟ್ಟಿಯಲ್ಲಿಯೇ. 1835ರಲ್ಲಿ ಎರಡೂ ಕಡೆಯವರು ಸ್ಥಳೀಯ ಪಡೆಗಳನ್ನು ಸಜ್ಜುಗೊಳಿಸಿದರು. ಯುದ್ಧವೆಂದು ಹೆಸರು ಪಡೆದ ಆ ಜಗಳದಲ್ಲಿ ಜೀವ ಹೋದವರಿಲ್ಲ. ಷರೀಫನ ಸಹಾಯಕನೊಬ್ಬನಿಗೆ ಚಾಕುವಿನ ಇರಿತವಾದದ್ದೇ ಅದರ ದೊಡ್ಡ ಘಟನೆ. ಕಡೆಗೆ ಸಂಸತ್ತು ಪಟ್ಟಿಯನ್ನು ಒಹಾಯೊಗೆ ಕೊಟ್ಟು, ಬದಲಿಗೆ ಉತ್ತರದ ದೊಡ್ಡ ಪರ್ಯಾಯ ದ್ವೀಪದ ಬಹುಭಾಗವನ್ನು ಮಿಷಿಗನ್ನಿಗೆ ಸೇರಿಸಿ, 1837ರ ಜನವರಿಯಲ್ಲಿ ಅದನ್ನು ರಾಜ್ಯವೆಂದು ಒಪ್ಪಿಕೊಂಡಿತು. ತಪ್ಪು ನಕ್ಷೆಯಿಂದ ಹುಟ್ಟಿದ ಗಡಿಯೊಂದು ಅಭಿಮಾನಿಗಳ ನಕ್ಷೆಯಲ್ಲಿ ಮತ್ತೆ ಮೂಡಿದೆ ಎಂಬುದೇ ನನ್ನನ್ನು ಈ ಊರಿಗೆ ಎಳೆದದ್ದು.

ದತ್ತಾಂಶಕ್ಕೆ ನಾನು ಆರಿಸಿಕೊಂಡದ್ದು ಟ್ವಿಟರನ್ನು. ಫೇಸ್‌ಬುಕ್ಕಿನ ಲೈಕುಗಳ ಒಟ್ಟು ಲೆಕ್ಕ ಆ ಸಂಸ್ಥೆಯ ಕೈಯಲ್ಲಿತ್ತೇ ಹೊರತು ವಿದ್ಯಾರ್ಥಿಗೆ ಸಿಗುವಂತಿರಲಿಲ್ಲ. ಟ್ವಿಟರಿನಲ್ಲಿಯಾದರೆ ಆ ದಿನಗಳಲ್ಲಿ ಭೂಮಿಯ ಮೇಲೆ ಒಂದು ಚೌಕವನ್ನು ಅಕ್ಷಾಂಶ ರೇಖಾಂಶಗಳಿಂದ ಗುರುತಿಸಿ, ಅದರೊಳಗಿನಿಂದ ಹೊರಡುವ ಸ್ಥಳಸಹಿತ ಟ್ವೀಟುಗಳನ್ನು ಆಗಿಂದಾಗ್ಗೆ ಉಚಿತವಾಗಿ ಪಡೆಯಬಹುದಿತ್ತು. ಇಲ್ಲಿಯ ತೊಡಕೆಂದರೆ, ಹೀಗೆ ಸ್ಥಳವನ್ನು ತೋರಿಸುವ ಟ್ವೀಟುಗಳು ಒಟ್ಟು ಟ್ವೀಟುಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ. ಫೋನಿನಲ್ಲಿ ಆ ಸೌಲಭ್ಯವನ್ನು ತೆರೆದಿಟ್ಟುಕೊಳ್ಳುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು.

ಅದಕ್ಕಿಂತ ದೊಡ್ಡ ಪ್ರಶ್ನೆ, ಒಲವನ್ನು ಅಳೆಯುವುದು ಹೇಗೆ ಎಂಬುದು. ತಂಡದ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ನಿಷ್ಪ್ರಯೋಜಕ. ಕಟ್ಟಾ ಅಭಿಮಾನಿಯು ತನ್ನ ತಂಡವನ್ನು ಹೊಗಳುವುದಕ್ಕಿಂತ ಎದುರಾಳಿಯನ್ನು ಬಯ್ಯುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾನೆ. ಹೆಸರನ್ನಷ್ಟೇ ಎಣಿಸಿದರೆ ಬೈಗುಳವೂ ಭಕ್ತಿಯ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ "ಗೋ ಬಕ್ಸ್", "ಗೋ ಬ್ಲೂ" ಎಂಬ, ಕ್ರಮವಾಗಿ ಒಹಾಯೊ ಮತ್ತು ಮಿಷಿಗನ್ ಅಭಿಮಾನಿಗಳ ಎರಡು ಘೋಷಣೆಗಳ ಹ್ಯಾಷ್‌ಟ್ಯಾಗುಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡು, ಒಬ್ಬ ವ್ಯಕ್ತಿ ಎಷ್ಟು ಸಲ ಕೂಗಿದರೂ ಒಂದೇ ಮತವೆಂದು ಎಣಿಸುವ ನಿಯಮವನ್ನು ಹಾಕಿಕೊಂಡೆ.

ಪಂದ್ಯ ನೋಡಲು ನನ್ನನ್ನು ಕರೆದವರು ಟೊಲೀಡೊದ ಅಂಚಿನ ಸಿಲ್ವೇನಿಯಾದಲ್ಲಿ ನೆಲೆಸಿದ್ದ, ಹಾಸನದ ಕಡೆಯ ದಂಪತಿ. ಪಂದ್ಯ ಮಧ್ಯಾಹ್ನ ಹನ್ನೆರಡಕ್ಕೆ ಇದ್ದುದರಿಂದ ನಾನು ಬೆಳಗ್ಗೆಯೇ ಹೊರಟು ಮೊದಲು ಗಡಿಯಾಚೆಗೆ ಹೋದೆ. ಮಿಷಿಗನ್ನಿನ ಲ್ಯಾಂಬರ್ಟ್‌ವಿಲ್ ಮತ್ತು ಟೆಂಪರೆನ್ಸ್ ಹೆಸರಿಗೆ ಬೇರೆ ರಾಜ್ಯದ ಊರುಗಳಾದರೂ ವಾಸ್ತವದಲ್ಲಿ ಟೊಲೀಡೊದ ಬಡಾವಣೆಗಳೇ. ಅಲ್ಲಿಯ ಎಷ್ಟೋ ಜನ ದಿನವೂ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ. ಗಡಿಯ ಎರಡೂ ಬದಿಯ ಬೀದಿಗಳಲ್ಲಿ ನಿಧಾನವಾಗಿ ಕಾರು ಓಡಿಸುತ್ತಾ ಮನೆಗಳ ಮುಂದಿನ ಬಾವುಟಗಳನ್ನು ನೋಡಿದೆ. ಒಹಾಯೊದ ಕೆಂಪು ಮತ್ತು ಬೂದು ಬಣ್ಣದ ಬಾವುಟಗಳು ಮಿಷಿಗನ್ ನೆಲದಲ್ಲೂ ಧಾರಾಳವಾಗಿದ್ದವು. ಮಿಷಿಗನ್ನಿನ ನೀಲಿ ಮತ್ತು ಹಳದಿ ಟೊಲೀಡೊದ ಒಳಗೂ ಸಾಕಷ್ಟಿತ್ತು. ಅರ್ಧ ಕೆಂಪು, ಅರ್ಧ ನೀಲಿಯಾಗಿದ್ದು ನಡುವೆ "ಒಡೆದ ಮನೆ" ಎಂಬರ್ಥದ ಮಾತನ್ನು ಅಚ್ಚು ಹಾಕಿಸಿದ ಬಾವುಟಗಳೂ ಕಂಡವು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆಯಾಗಿರುವ ಮನೆಯವರು ಹಾರಿಸಲೆಂದೇ ಅವು ಅಂಗಡಿಗಳಲ್ಲಿ ಮಾರಾಟಕ್ಕಿರುತ್ತವೆ. ಗಡಿಯನ್ನು ಸಾರಿ ಹೇಳುವಂತಹ ಬದಲಾವಣೆ ಯಾವ ಬೀದಿಯಲ್ಲೂ ನನಗೆ ಸಿಗಲಿಲ್ಲ.

ನನ್ನನ್ನು ಕರೆದವರ ಮನೆಯೂ ಅದೇ ಜಾತಿಯದು. ಯಜಮಾನರು ಆನ್ ಆರ್ಬರ್‌ನಲ್ಲಿ ಓದಿದವರಾದ್ದರಿಂದ ಮಿಷಿಗನ್ ಪಕ್ಷ. ಪ್ರಾಥಮಿಕ ಶಾಲೆಯಲ್ಲಿದ್ದ ಮಗ, ಸಹಪಾಠಿಗಳೆಲ್ಲ ಒಹಾಯೊ ಎನ್ನುತ್ತಿದ್ದರಿಂದ, ಅಪ್ಪನ ಎದುರು ಪಕ್ಷ. ಲ್ಯಾಪ್‌ಟಾಪಿನ ಪರದೆಯ ಮೇಲೆ ಟ್ವೀಟುಗಳು ಚುಕ್ಕೆಗಳಾಗಿ ಮೂಡುವುದನ್ನು ತೋರಿಸಿದಾಗ ಯಜಮಾನರು, "ಹಾಗಾದ್ರೆ ನಮ್ಮನೆಗೆ ಯಾವ ಬಣ್ಣ ಬಳೀತೀಯಪ್ಪ?" ಎಂದರು. ವಿಚಾರಿಸಿ ನೋಡಿದೆ. ಯಜಮಾನರಿಗೆ ಟ್ವಿಟರ್ ಖಾತೆಯಿಲ್ಲ. ಫೇಸ್‌ಬುಕ್ಕಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದ ಪುಟವನ್ನು ಲೈಕ್ ಮಾಡಿದ್ದರೇ ಹೊರತು ತಂಡದ ಪುಟವನ್ನಲ್ಲ. ಮಗನಿಗೆ ಖಾತೆ ತೆರೆಯುವ ವಯಸ್ಸೇ ಆಗಿರಲಿಲ್ಲ. ಮನೆಯಲ್ಲಿ ತಂಡವೊಂದರ ಪುಟಕ್ಕೆ ಲೈಕ್ ಕೊಟ್ಟಿದ್ದವರು ಯಜಮಾನಿ ಒಬ್ಬರೇ; ಅದೂ ಮಗ ಕಾಡಿ ಒತ್ತಿಸಿದ್ದು, ಒಹಾಯೊ ತಂಡಕ್ಕೆ. "ಅಕ್ಕ, ಲೆಕ್ಕದ ಪ್ರಕಾರ ಈ ಮನೆಯಲ್ಲಿ ನೀವೊಬ್ಬರೇ ಅಭಿಮಾನಿ" ಎಂದದ್ದಕ್ಕೆ ಅವರು, "ನನ್ನನ್ನ ಯಾರ ಲೆಕ್ಕಕ್ಕೂ ಸೇರಿಸ್ಬೇಡ ಮಾರಾಯ, ಟಿವಿ ಆರಿದ್ರೆ ಸಾಕಾಗಿದೆ ನಂಗೆ" ಎಂದು ಒಳಗೆ ನಡೆದರು. ಕೂಗಾಡುವ ಇಬ್ಬರೂ ದತ್ತಾಂಶದಲ್ಲಿ ಇಲ್ಲ. ಆಟವೇ ಬೇಡವೆನ್ನುವ ಒಬ್ಬರಿಂದ ಮನೆಯು ಪೂರ್ತಿ ಒಹಾಯೊ ಪಾಲಾಗುತ್ತದೆ. ಲಕ್ಷಾಂತರ ಲೈಕುಗಳನ್ನು ಒಟ್ಟುಗೂಡಿಸಿದಾಗ ಇಂತಹ ವೈಚಿತ್ರ್ಯಗಳು ಒಂದನ್ನೊಂದು ತೊಡೆದುಹಾಕುತ್ತವೆ ಎಂಬುದು ಸಂಖ್ಯಾಶಾಸ್ತ್ರದ ಭರವಸೆ. ಅವೆಲ್ಲ ಒಂದೇ ದಿಕ್ಕಿಗೆ ವಾಲಿರದಿದ್ದರೆ ಮಾತ್ರ ಆ ಭರವಸೆ ನಿಲ್ಲುತ್ತದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಪಂದ್ಯ ಮೂರು ಕ್ವಾರ್ಟರುಗಳವರೆಗೂ ಬಿಗಿಯಾಗಿಯೇ ಸಾಗಿತು. ನಾಲ್ಕನೆಯದರ ಆರಂಭದಲ್ಲಿ ಒಹಾಯೊದ ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಜೆ. ಟಿ. ಬ್ಯಾರೆಟ್ ಕಾಲಿನ ಗಿಣ್ಣು ಮುರಿದುಕೊಂಡು ಮೈದಾನದಲ್ಲೇ ಬಿದ್ದರು. ಆಗ ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್‌ನರ್ ಬಳಿಗೆ ಹೋಗಿ, ಬಗ್ಗಿ, ಅವರಿಗೆ ಸಮಾಧಾನ ಹೇಳಿದರು. ನನ್ನ ಪರದೆಯಲ್ಲಿ ಟ್ವೀಟುಗಳ ಸಾಲು ಒಮ್ಮೆಲೇ ಬದಲಾಯಿತು. ಅದುವರೆಗೆ ಒಹಾಯೊವನ್ನು ಹಳಿಯುತ್ತಿದ್ದ ಖಾತೆಗಳಿಂದಲೇ ಬ್ಯಾರೆಟ್ ಬೇಗ ಗುಣವಾಗಲಿ ಎಂಬ ಹಾರೈಕೆಗಳು ಬರತೊಡಗಿದವು. ಒಹಾಯೊದವರು ಗಾರ್ಡ್‌ನರ್‌ರನ್ನು ಮೆಚ್ಚಿ ಬರೆದರು. ಹೆಸರುಗಳನ್ನು ಎಣಿಸುವ ಯಂತ್ರವೊಂದಿದ್ದರೆ ಆ ಹತ್ತು ಹದಿನೈದು ನಿಮಿಷಗಳಲ್ಲಿ ಎರಡೂ ರಾಜ್ಯಗಳ ಜನ ಪಕ್ಷಾಂತರ ಮಾಡಿದರೆಂದೇ ವರದಿ ಮಾಡುತ್ತಿತ್ತು. ಕಡೆಗೆ ಒಹಾಯೊ 42-28ರಿಂದ ಗೆದ್ದಿತು. ಬ್ಯಾರೆಟ್ ಸ್ಥಾನಕ್ಕೆ ಬಂದ ಕಾರ್ಡೇಲ್ ಜೋನ್ಸ್ ಮುಂದೆ ಜನವರಿಯಲ್ಲಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಪಟ್ಟದವರೆಗೂ ಮುನ್ನಡೆಸಿದರು. ಮಗ ಕುಣಿದಾಡಿದ, ಯಜಮಾನರು ಚಹಾ ಮಾಡುವ ನೆಪದಲ್ಲಿ ಎದ್ದುಹೋದರು.

ದತ್ತಾಂಶವನ್ನು ಮುಂದಿನ ವಾರ ಕೂತು ಪರಿಶೀಲಿಸಿದಾಗ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು ದಿನಕ್ಕೆ ಸಂಬಂಧಿಸಿದ್ದು. ಈ ಪಂದ್ಯ ನಡೆಯುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರು ಶನಿವಾರ. ದೂರದಲ್ಲಿ ಓದುವವರು, ಕೆಲಸದಲ್ಲಿರುವವರು ಅಪ್ಪ ಅಮ್ಮನ ಮನೆಗೆ ಬಂದಿರುತ್ತಾರೆ. ಆದ್ದರಿಂದ ಟೊಲೀಡೊದಲ್ಲಿ ಮೂಡಿದ ಚುಕ್ಕೆಗಳಲ್ಲಿ ಎಷ್ಟೋ ಆ ಊರಿನ ಇಂದಿನ ನಿವಾಸಿಗಳವಲ್ಲ, ಅಲ್ಲಿ ಹುಟ್ಟಿ ಬೆಳೆದು ಹೋದವರವು. ಕೆಲವು ಖಾತೆಗಳ ಹಿಂದಿನ ಟ್ವೀಟುಗಳನ್ನು ನೋಡಿದಾಗ ಅವರು ವರ್ಷದ ಉಳಿದ ದಿನಗಳನ್ನು ಷಿಕಾಗೊದಲ್ಲೋ ಕೊಲಂಬಸ್‌ನಲ್ಲೋ ಕಳೆಯುವವರೆಂಬುದು ತಿಳಿಯುತ್ತಿತ್ತು. ಬೇರೆ ಯಾವುದಾದರೂ ಅಧ್ಯಯನಕ್ಕೆ ಇದು ದೋಷ. ನನ್ನ ಪ್ರಶ್ನೆಗೆ ಮಾತ್ರ ಒಂದರ್ಥದಲ್ಲಿ ಅನುಕೂಲವೇ, ಏಕೆಂದರೆ ಈ ಒಲವು ನೆಲೆಯಾಗುವುದು ಇಂದಿನ ವಿಳಾಸದಲ್ಲಿ ಅಲ್ಲ, ಬಾಲ್ಯದ ವಿಳಾಸದಲ್ಲಿ. ಫೇಸ್‌ಬುಕ್ ನಕ್ಷೆಗೆ ಈ ಅನುಕೂಲವಿಲ್ಲ: ಒಮ್ಮೆ ಒತ್ತಿದ ಲೈಕನ್ನು ಯಾರೂ ಹಿಂತೆಗೆದುಕೊಳ್ಳುವುದಿಲ್ಲ, ವ್ಯಕ್ತಿ ಊರು ಬಿಟ್ಟಾಗ ಲೈಕೂ ಅವನೊಂದಿಗೆ ಹೊಸ ಜಿಪ್ ಕೋಡಿಗೆ ಹೋಗುತ್ತದೆ.

ಎರಡನೆಯದು ಗಡಿಯ ಹರಿತಕ್ಕೆ ಸಂಬಂಧಿಸಿದ್ದು. ನನಗೆ ಮುಖ್ಯವೆನಿಸಿದ್ದು ಇದೇ. ಜಿಪ್ ಕೋಡ್ ಎಂಬುದು 1963ರಲ್ಲಿ ಅಂಚೆ ಹಂಚುವ ಅನುಕೂಲಕ್ಕಾಗಿ ಬಂದ ವ್ಯವಸ್ಥೆ. ಬೆರಳೆಣಿಕೆಯಷ್ಟನ್ನು ಬಿಟ್ಟರೆ ಆ ವಲಯಗಳು ರಾಜ್ಯದ ಗಡಿಯನ್ನು ದಾಟುವುದಿಲ್ಲ. ಅಂದರೆ ಗಡಿಯ ಈಚೆಯವರನ್ನೂ ಆಚೆಯವರನ್ನೂ ಒಂದೇ ಗುಂಪಿನಲ್ಲಿಟ್ಟು ಎಣಿಸುವ ಅವಕಾಶವೇ ಆ ನಕ್ಷೆಗೆ ಇಲ್ಲ. ಇದರ ಮೇಲೆ, ವಲಯದಲ್ಲಿ ಮುಂದಿರುವ ತಂಡಕ್ಕೇ ಇಡೀ ವಲಯದ ಬಣ್ಣ ಎಂಬ ನಿಯಮ. ಒಂದೇ ತಂಡದ ಅಭಿಮಾನಿಗಳು ಗಡಿಯ ಒಂದು ಕಡೆ ನೂರಕ್ಕೆ 52, ಇನ್ನೊಂದು ಕಡೆ 48 ಇದ್ದರೂ ಕಣ್ಣಿಗೆ ಕಾಣುವುದು ಗೋಡೆ ಕಟ್ಟಿದಂತಹ ವಿಭಜನೆ. ನನ್ನ ಚುಕ್ಕೆಗಳನ್ನು ನಾನು ಜಿಪ್ ಕೋಡಿನ ಬದಲು ಸಮನಾದ ಸಣ್ಣ ಚೌಕಗಳಾಗಿ, ಗಡಿಯನ್ನು ಲೆಕ್ಕಿಸದೆ ಹಂಚಿ, ಎರಡು ಪಕ್ಷಗಳ ಪಾಲನ್ನು ಬಣ್ಣದ ಗಾಢತೆಯಲ್ಲಿ ತೋರಿಸಿದಾಗ ಗೋಡೆ ಕರಗಿತು. ಟೊಲೀಡೊದ ದಕ್ಷಿಣಕ್ಕೆ ಕೆಂಪು ಗಾಢವಾಗಿ, ಉತ್ತರಕ್ಕೆ ಬರುತ್ತಾ ತಿಳಿಯಾಗಿ, ಗಡಿಯಾಚೆ ಹಲವು ಮೈಲಿಗಳವರೆಗೆ ಎರಡೂ ಬೆರೆತ ಬೂದುನೇರಳೆಯಾಗಿ, ಮನ್ರೋ ಊರು ದಾಟಿದ ಮೇಲೆ ನೀಲಿಯ ಕಡೆಗೆ ತಿರುಗುತ್ತಿತ್ತು.

ಹಾಗೆಂದು ಗಡಿ ಸುಳ್ಳೆನ್ನುವಂತಿಲ್ಲ. ಆನ್ ಆರ್ಬರ್ ಅಷ್ಟು ಸಮೀಪವಿದ್ದೂ ಟೊಲೀಡೊ ಒಟ್ಟಾರೆ ಒಹಾಯೊ ಕಡೆಗೇ ವಾಲಿತ್ತು. ಕಾಲೇಜು ಕಟ್ಟಲು ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟ 1862ರ ಭೂದಾನ ಕಾಯಿದೆಯ ಫಲವಾಗಿ 1870ರಲ್ಲಿ ಸ್ಥಾಪನೆಯಾದ ಒಹಾಯೊ ಸ್ಟೇಟ್‌ನಂತಹ ವಿಶ್ವವಿದ್ಯಾಲಯಗಳು ರಾಜ್ಯದ ತೆರಿಗೆಯಿಂದ ಬೆಳೆದವು. ಅಲ್ಲಿ ರಾಜ್ಯದ ಮಕ್ಕಳಿಗೆ ಶುಲ್ಕ ಕಡಿಮೆ, ಹೊರರಾಜ್ಯದವರಿಗೆ ಹೆಚ್ಚು. ಟೊಲೀಡೊದ ಶಾಲೆಗಳಿಂದ ಮಕ್ಕಳು ಹೋಗುವುದು ಕೊಲಂಬಸ್‌ಗೆ, ಮರಳಿ ಬಂದು ಆ ಶಾಲೆಗಳಲ್ಲಿ ಶಿಕ್ಷಕರಾಗುವವರೂ ಅವರೇ. ಆನ್ ಆರ್ಬರ್ ಪದವೀಧರನ ಮಗನು ಒಹಾಯೊದವನಾದದ್ದು ಹೀಗೆ.

ಪ್ರಾಧ್ಯಾಪಕರು ನಕ್ಷೆಯನ್ನು ಒಪ್ಪಿದರೂ, ಚುಕ್ಕೆಗಳು ತೀರ ವಿರಳವಾಗಿದ್ದ ಚೌಕಗಳನ್ನು ಬಣ್ಣವಿಲ್ಲದೆ ಬಿಡಬೇಕಾಗಿತ್ತೆಂದು ಅಂಚಿನಲ್ಲಿ ಬರೆದರು. ಹಾಗೆ ಮಾಡಿದರೆ ಹೊಲಗದ್ದೆಗಳ ಪ್ರದೇಶವೆಲ್ಲ ಬಿಳಿಯಾಗುತ್ತದೆ. ಮಾಡಿ ನೋಡಿದೆ, ಆಯಿತು. ಆ ಆವೃತ್ತಿಯನ್ನೇ ಕೊನೆಯದಾಗಿ ಒಪ್ಪಿಸಿ, ಅದರ ಪ್ರತಿಯೊಂದನ್ನು ಸಿಲ್ವೇನಿಯಾಕ್ಕೂ ಕಳುಹಿಸಿದೆ. ಈಚೆಗೆ ಅದೇ ಕೆಲಸವನ್ನು ಮತ್ತೆ ಮಾಡುವ ಯೋಚನೆ ಬಂದಾಗ ದಾರಿಗಳೆಲ್ಲ ಮುಚ್ಚಿದ್ದವು: ಟ್ವಿಟರ್ 2019ರಲ್ಲಿ ನಿಖರ ಸ್ಥಳ ಸೂಚಿಸುವ ಸೌಲಭ್ಯವನ್ನು ತೆಗೆಯಿತು, 2023ರಲ್ಲಿ ಸಂಶೋಧಕರಿಗೆ ಉಚಿತವಾಗಿ ಸಿಗುತ್ತಿದ್ದ ದತ್ತಾಂಶವನ್ನೂ ನಿಲ್ಲಿಸಿತು.