ಗುಡ್ಡವೆಂದುಕೊಂಡದ್ದು ಹಡಗಾಗಿತ್ತು

ಮುಳುಗಿದ ಹಡಗನ್ನು ನೋಡಬೇಕೆಂದರೆ ದೋಣಿ ಹತ್ತಿ ಗಂಟೆಗಟ್ಟಲೆ ಸಾಗಬೇಕೆಂಬ ಎಣಿಕೆಯಲ್ಲಿದ್ದ ನನಗೆ, ಬಾಲಿಯ ಈಶಾನ್ಯ ಕರಾವಳಿಯ ತುಲಾಂಬೆನ್‌ನಲ್ಲಿ ದಡದಿಂದಲೇ ನಡೆದು ನೀರಿಗಿಳಿದರೆ ಸಾಕೆಂಬುದು ನಂಬಲಾಗದ ಸಂಗತಿಯಾಗಿತ್ತು. ನಡೆಯುವುದೇನೂ ಸುಲಭವಲ್ಲ. ಅಲ್ಲಿನ ದಡದಲ್ಲಿ ಮರಳಿಗಿಂತ ಕಾಲಡಿ ಜಾರುವ ಕಪ್ಪು ಉರುಟುಕಲ್ಲುಗಳೇ ಹೆಚ್ಚು. ನಾನು ಎರಡು ಹೆಜ್ಜೆಗೊಮ್ಮೆ ತಡವರಿಸುತ್ತಿದ್ದಾಗ, ಊರಿನ ಹೆಂಗಸೊಬ್ಬರು ತಲೆಯ ಮೇಲೆ ಮುಳುಗುವವರ ಗಾಳಿಯ ಟ್ಯಾಂಕ್ ಹೊತ್ತು, ಬಿಂದಿಗೆ ಹೊತ್ತವರ ನೆಮ್ಮದಿಯಲ್ಲಿ ನನ್ನನ್ನು ದಾಟಿ ಹೋದರು.

ಹಡಗಿನ ಹೆಸರು ಲಿಬರ್ಟಿ. ಎರಡನೆಯ ಮಹಾಯುದ್ಧದಲ್ಲಿ ಸಾಲುಸಾಲಾಗಿ ಕಟ್ಟಿದ ‘ಲಿಬರ್ಟಿ’ ಮಾದರಿಯ ಹಡಗುಗಳಲ್ಲಿ ಇದೂ ಒಂದೆಂದು ಅನೇಕರು ತಿಳಿದಿದ್ದಾರೆ. ಆದರೆ ಇದು 1918ರಲ್ಲಿಯೇ ಅಮೆರಿಕದಲ್ಲಿ ನಿರ್ಮಾಣವಾದ ಸರಕು ಹಡಗು. 1942ರ ಜನವರಿ 11ರಂದು ರೈಲಿನ ಬಿಡಿಭಾಗಗಳನ್ನೂ ರಬ್ಬರನ್ನೂ ಹೊತ್ತು ಸಾಗುತ್ತಿದ್ದಾಗ ಬಾಲಿಯ ಪಕ್ಕದ ಲೊಂಬೊಕ್ ಜಲಸಂಧಿಯ ಬಳಿ ಜಪಾನಿನ ಜಲಾಂತರ್ಗಾಮಿಯೊಂದು ಇದಕ್ಕೆ ಟಾರ್ಪಿಡೊ ಹೊಡೆಯಿತು. ಸಿಂಗರಾಜ ಬಂದರಿಗೆ ಎಳೆದೊಯ್ಯುವ ಪ್ರಯತ್ನ ನಡೆಯಿತಾದರೂ, ಒಳಗೆ ನೀರು ತುಂಬುತ್ತಲೇ ಹೋದುದರಿಂದ ತುಲಾಂಬೆನ್ ದಡಕ್ಕೇ ಹತ್ತಿಸಿಬಿಟ್ಟರು. ಅಲ್ಲಿ ಇಪ್ಪತ್ತೊಂದು ವರ್ಷ ಬಿದ್ದಿದ್ದ ಹಡಗನ್ನು ಕಡಲಿಗೆ ನೂಕಿದ್ದು, ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ 1963ರ ಆಗುಂಗ್ ಜ್ವಾಲಾಮುಖಿ. ಹಾಗಾಗಿ ಇದನ್ನು ಯುದ್ಧ ಮುಳುಗಿಸಿತು ಎನ್ನುವುದು ಅರ್ಧ ಮಾತ್ರ ನಿಜ.

ಮುರುಡೇಶ್ವರದಿಂದ ಹೋಗಿ ನೇತ್ರಾಣಿ ದ್ವೀಪದಲ್ಲಿ ಒಂದಷ್ಟು ಸಲ ಮುಳುಗಿದ ಅನುಭವವಿದ್ದ ನಾನು, ಮೊದಲ ಡೈವ್‌ನಲ್ಲಿ ಹಡಗನ್ನು ಕಾಣಲೇ ಇಲ್ಲ. ಬಣ್ಣಗೆಟ್ಟ ಗುಡ್ಡವೊಂದು ಎದುರಿಗಿತ್ತು, ಅದರ ಮೇಲೆ ಹವಳ, ಸ್ಪಂಜು, ಬೀಸಣಿಗೆಯಂತೆ ಹರಡಿದ, ಹವಳದ ಸಂಬಂಧಿಗಳಾದ ಗಾರ್ಗೋನಿಯನ್‌ಗಳು. ಹಡಗಿನ ಮುಂತುದಿ ಎಲ್ಲಿ, ಹಿಂತುದಿ ಎಲ್ಲಿ ಎಂದು ಹುಡುಕುತ್ತಿದ್ದ ನನ್ನ ತೋಳನ್ನು ಗೈಡ್ ಮೆಲ್ಲನೆ ಹಿಡಿದು ಟಾರ್ಚ್ ಹಾಯಿಸಿದರು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಆ ಬೆಳಕಿನಲ್ಲಿ ಬೂದುಬಣ್ಣದ ಸ್ಪಂಜು ಒಮ್ಮೆಲೇ ಕುಂಕುಮದಂತೆ ಕೆಂಪಾಯಿತು. ಅದರ ಹಿಂದೆ, ಒಂದರಿಂದೊಂದು ಸಮ ಅಂತರದಲ್ಲಿ, ಕಬ್ಬಿಣದ ಪಕ್ಕೆಲುಬುಗಳು ನಿಂತಿದ್ದವು. ಬಂಡೆಗೆ ಅಷ್ಟು ಕಟ್ಟುನಿಟ್ಟಾದ ಲೆಕ್ಕ ಗೊತ್ತಿರುವುದಿಲ್ಲ. ನಾನು ಅದುವರೆಗೆ ತೇಲುತ್ತಿದ್ದದ್ದು ಹಡಗಿನ ಮಗ್ಗುಲಿನ ಮೇಲೆಯೇ.

ಈ ಸಂಭ್ರಮದಲ್ಲಿ ಏದುಸಿರು ಬಿಟ್ಟದ್ದು ನನ್ನದೇ ತಪ್ಪು. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕರಷ್ಟಿರುವುದರಿಂದ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ನಾನು ಅಷ್ಟು ಕೆಳಗೆ ಇಳಿಯದಿದ್ದರೂ ಉಳಿದ ಗಾಳಿಯನ್ನು ತೋರುವ ಗೇಜಿನ ಮುಳ್ಳು ಎಲ್ಲರಿಗಿಂತ ಮೊದಲೇ ಇಳಿದು, ನನ್ನಿಂದಾಗಿ ತಂಡವೇ ಬೇಗ ಹಿಂದಿರುಗಬೇಕಾಯಿತು. ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ಮುಜುಗರ.

ಮರುದಿನ ನಸುಕಿನಲ್ಲಿಯೇ ಇಳಿದೆವು. ಹಡಗಿನ ಸಂದುಗಳಲ್ಲಿ ರಾತ್ರಿ ಕಳೆಯುವ ಉಬ್ಬುಹಣೆಯ ದೊಡ್ಡ ಗಿಳಿಮೀನುಗಳು ಬೆಳಕು ಹರಿಯುವ ಹೊತ್ತಿಗೆ ಮೇವಿಗೆ ಹೊರಡುತ್ತವೆ. ಎಮ್ಮೆಗಳ ಹಿಂಡಿನಂತೆ, ಯಾವ ಆತುರವೂ ಇಲ್ಲದೆ ಅವು ನಮ್ಮ ಪಕ್ಕದಲ್ಲೇ ಸಾಗಿದವು. ಒಂದು ನಿಂತು ಹವಳವನ್ನು ಕಚ್ಚಿದಾಗ, ಹುರಿಗಡಲೆ ಕಡಿದಂಥ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹಿಂದಿನ ದಿನ ಕಾಣದ, ಹಡಗಿನ ಹಿಂತುದಿಯ ಫಿರಂಗಿಯೂ ಆ ಬೆಳಗ್ಗೆ ಕಂಡಿತು, ಆದರೆ ನಿಜ ಹೇಳಬೇಕೆಂದರೆ ಮೀನುಗಳ ಮುಂದೆ ಅದು ಸಪ್ಪೆ.

ಹಡಗಿನ ಅತಿ ಎತ್ತರದ ಭಾಗ ಸುಮಾರು ಐದು ಮೀಟರ್ ಆಳದಲ್ಲಿಯೇ ಇದೆ. ಮೇಲೇರುವ ಮುನ್ನ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಬೇಕಾದ ಆಳವೂ ಅದೇ ಆದ್ದರಿಂದ, ಬೇರೆಡೆ ಬರಿಯ ನೀಲಿಯನ್ನು ದಿಟ್ಟಿಸುತ್ತಾ ಕಳೆಯುವ ಆ ಹೊತ್ತನ್ನು ಇಲ್ಲಿ ಕಬ್ಬಿಣದ ಪಕ್ಕದಲ್ಲೇ ಕಳೆಯಬಹುದು. ನಾನು ಪಕ್ಕೆಲುಬುಗಳನ್ನು ಎಣಿಸತೊಡಗಿದೆ. ಹದಿನಾಲ್ಕಕ್ಕೆ ಬಂದಾಗ ಗೈಡ್ ಹೆಬ್ಬೆರಳೆತ್ತಿ ಮೇಲೇರಲು ಸೂಚಿಸಿದರು.