ಎರೆ ಹೊಲದಲ್ಲಿ ಟೆಂಟ್: ಕೊನೆಗೂ ಗೂಟ ನಿಂತಿತು

ಮೊನ್ನೆ ಶನಿವಾರ ರಾತ್ರಿಯಿಡೀ ಮೂಡಗಾಳಿ ಬೀಸಿತು. ಟೆಂಟ್ ಜಗ್ಗಲಿಲ್ಲ. ಬೆಳಿಗ್ಗೆ ಎದ್ದವಳೇ ಚಹಾಕ್ಕೂ ಕಾಯದೆ ಗೂಟ ನೋಡಲು ಹೋದೆ. ಆರಕ್ಕೆ ಆರೂ ಹೊಡೆದ ಜಾಗದಲ್ಲೇ ಇದ್ದವು. ಎಷ್ಟು ಖುಷಿ ಆಯಿತು ಅಂದರೆ, ಮಲಗಿದ್ದ ಮಕ್ಕಳನ್ನು ಎಬ್ಬಿಸಿ ತೋರಿಸಿದೆ. ಅಡುಗೆ, ಪ್ಯಾಕಿಂಗ್ ಎಲ್ಲ ನಿಮಗೆ ಗೊತ್ತಿರುವುದೇ. ಇವತ್ತು ಗೂಟದ ಮಾತು ಮಾತ್ರ.

ಜಾಗ ಬಸವನ ಬಾಗೇವಾಡಿ ಕಡೆಯ ನಮ್ಮ ಕಾಕಾನ ಹೊಲ. ಬನ್ನಿ ಗಿಡದ ಹತ್ತಿರ ಬಿತ್ತದೆ ಬಿಟ್ಟ ಒಂದಿಷ್ಟು ನೆಲ ಇದೆ. ಒಳ್ಳೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಜೋಳಕ್ಕೆ ಚಿನ್ನದಂಥ ನೆಲ, ಟೆಂಟಿಗೆ ಮಾತ್ರ ಕಾಟ.

ಇದಕ್ಕೂ ಮೊದಲು ಒಮ್ಮೆ ಸೋತಿದ್ದೆವು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ (ಭೂತಾಯಿಗೆಂದು ಹೊಲದಲ್ಲಿ ಎಡೆ ಚೆಲ್ಲಿ), ಸಜ್ಜಿ ರೊಟ್ಟಿ ಪುಂಡಿಪಲ್ಯ ಉಂಡು ಅಲ್ಲೇ ಉಳಿದಿದ್ದೆವು. ಕಗ್ಗತ್ತಲು, ಆಕಾಶದ ತುಂಬ ಚುಕ್ಕಿ. ಮಕ್ಕಳು ನಿದ್ದೆ ಬರುವವರೆಗೂ ಹೊರಗೇ ಮಲಗಿ ಎಣಿಸಿದರು. ಮೂರು ಗಂಟೆ ಸುಮಾರಿಗೆ ಗಾಳಿ ಎದ್ದಿತು. ಮೂಡಣ ಮೂಲೆಯ ಪೆಗ್, ಅಂದರೆ ಟೆಂಟಿನ ಜೊತೆ ಬರುವ ಸಣ್ಣ ಗೂಟ, ಕಿತ್ತಿತು. ಅದರ ಹಿಂದೆಯೇ ಇನ್ನೆರಡು. ಟೆಂಟಿನ ಹೊರಹೊದಿಕೆ ಫ್ಲೈ ಪಟಪಟ ಬಡಿದು, ಪೋಲ್ ಬಾಗಿ, ಬಟ್ಟೆ ಮಕ್ಕಳ ಮುಖದ ಮೇಲೆ ಬಂತು. ಚಿಕ್ಕವಳು ಹೆದರಿ ಅತ್ತಳು. ಉಳಿದ ರಾತ್ರಿ ಕಾರಿನಲ್ಲಿ ಕಳೆಯಿತು. ಆ ಅಳು ನನ್ನ ಕಿವಿಯಲ್ಲಿ ವಾರಗಟ್ಟಲೆ ಉಳಿಯಿತು.

ಮೊದಲು ಪೆಗ್ಗಿನದೇ ತಪ್ಪು ಅಂದುಕೊಂಡೆ. ಟೆಂಟಿನ ಜೊತೆ ಬಂದಿದ್ದು ತೆಳ್ಳಗಿನ 18 ಸೆಂಟಿಮೀಟರ್ ಕಡ್ಡಿಗಳು. 30 ಸೆಂಟಿಮೀಟರಿನ ಉಕ್ಕಿನವು ಬೇಕೆಂದು ಆನ್‌ಲೈನ್‌ನಲ್ಲಿ ತರಿಸಿದೆ. ಡಬ್ಬಿಯ ಮೇಲೆ 30 ಅಂತ ಇತ್ತು, ಒಳಗೆ ಅದೇ 18ರವು! ವಾಪಸ್ ಕಳಿಸಿ ದುಡ್ಡು ಬರಲು ಮೂರು ವಾರ. ಗಾಳಿಯಲ್ಲಿ ಮಕ್ಕಳು ಮಲಗುವ ಸಾಮಾನು ಇದು. ಅಳತೆಯಲ್ಲಿ ಹೀಗೆ ಮಾಡಬಾರದು.

ಕಾಕಾ ಆ ಕಡ್ಡಿ ಹಿಡಿದು ನೋಡಿ ಹೇಳಿದರು, "ಯವ್ವಾ, ಇದು ಎರಿ ಹೊಲ. ಮ್ಯಾಲಿನ ಮಣ್ಣು ನಂಬಬ್ಯಾಡ. ಎತ್ತು ಕಟ್ಟು ಗೂಟ ಎಷ್ಟುದ್ದ ಇರ್ತದ ನೋಡಿಯಿಲ್ಲೋ?"

ಅಲ್ಲೇ ಒಂದು ಗುಂಡಿ ತೋಡಿದೆವು. ಆಗ ನನಗೆ ಎಲ್ಲ ಅರ್ಥವಾಯಿತು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲಿನ ಗೇಣು ಮಣ್ಣು ಬರೀ ಹೆಂಟೆ, ಹುಡಿ, ಬಿರುಕು. ನನ್ನ ಪೆಗ್ ಪೂರಾ ಅಷ್ಟರಲ್ಲೇ ಮುಗಿಯುತ್ತಿತ್ತು. ಅದರ ಕೆಳಗೆ ಮಣ್ಣು ಇನ್ನೂ ಹಸಿ, ಒತ್ತಾಗಿದೆ. ಹಿಂಗಾರಿ ಬಿಳಿಜೋಳ ಬದುಕುವುದೇ ಆ ಹಸಿಯ ಮೇಲೆ ಅಲ್ವಾ? ಮಳೆ ನಿಂತ ಮೇಲೂ ತೆನೆ ಕಟ್ಟುವುದು ಬೇರು ಅಲ್ಲಿಗೆ ಇಳಿಯುವುದರಿಂದ. ನನ್ನ ಗೂಟವೂ ಅಲ್ಲಿಗೇ ಇಳಿಯಬೇಕಿತ್ತು.

ಬದುವಿನ ಕರಿಜಾಲಿಯ ಕೊಂಬೆಯಿಂದ ಬಡಿಗೇರರು ಎರಡು ಅಡಿಯ ಆರು ಗೂಟ ಮಾಡಿಕೊಟ್ಟರು. ಕರಿಜಾಲಿ ಗಟ್ಟಿ ಕಟ್ಟಿಗೆ, ಸುತ್ತಿಗೆ ಏಟಿಗೆ ತಲೆ ಸೀಳಲಿಲ್ಲ. ಭಾರ ಜಾಸ್ತಿ, ನಿಜ. ಅದಕ್ಕೇ ನಾಲ್ಕು ಮೂಲೆಗೆ ನಾಲ್ಕು, ಮೂಡಣ ದಿಕ್ಕಿನ ಹಗ್ಗಗಳಿಗೆ ಎರಡು. ಉಳಿದ ಕಡೆ ಹಳೆ ಪೆಗ್ಗೇ ಸಾಕು.

ಬಿರುಕಿನಲ್ಲಿ ಹೊಡೆಯದೆ ಹೆಂಟೆಯ ನಟ್ಟನಡುವಿನ ಜಾಗ ಹುಡುಕಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ. ಹಗ್ಗವನ್ನು ತಲೆಗೆ ಕಟ್ಟಬೇಡಿ, ನೆಲಕ್ಕೆ ತಾಗುವಂತೆ ಬುಡದಲ್ಲಿ ಕಟ್ಟಿ. ತಲೆಗೆ ಕಟ್ಟಿದರೆ ಗಾಳಿ ಅದನ್ನು ಸನ್ನೆಕೋಲಿನ ಹಾಗೆ ಎಳೆದು ಬುಡ ಸಡಿಲಿಸುತ್ತದೆ. ಹಗ್ಗ ಉದ್ದ ಬಿಟ್ಟಷ್ಟೂ ಎಳೆತ ಮೇಲಕ್ಕಿಂತ ಪಕ್ಕಕ್ಕೆ ಬೀಳುತ್ತದೆ, ಗೂಟ ಕೀಳುವುದಿಲ್ಲ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಹಾಕಿ ಎಳೆದು ನೋಡಿದೆ. ಹಳೆ ಪೆಗ್ 6 ಕಿಲೋಗೆ ಕಿತ್ತು ಬಂತು. ಜಾಲಿ ಗೂಟಕ್ಕೆ ತಕ್ಕಡಿಯ 50 ಕಿಲೋ ಮುಗಿಯಿತು, ಗೂಟ ಕದಲಲಿಲ್ಲ.

ಮಳೆಗಾಲದ್ದು ಬೇರೆ ಕಥೆ. ಹಸಿ ಎರೆಯಲ್ಲಿ ಯಾವ ಪೆಗ್ಗೂ ಬೆಣ್ಣೆಯೊಳಗಿನ ಕಡ್ಡಿಯಂತೆ ಜಾರುತ್ತದೆ. ಆಗ ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ, ಹಗ್ಗ ಕಟ್ಟಿ, ಒಂದು ಅಡಿ ಆಳದಲ್ಲಿ ಹೂತು ತುಳಿದುಬಿಡಿ. ಕಾರನ್ನು ಮಾತ್ರ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ. ಅಕ್ಟೋಬರ್‌ನಲ್ಲಿ ನಮ್ಮ ಕಾರು ಎಳೆಯಲು ಟ್ರ್ಯಾಕ್ಟರ್ ಬರಬೇಕಾಯಿತು.

ಗೂಟ ನಿಂತ ಮೇಲೆ ಗೊತ್ತಾಗಿದ್ದು, ಚಳಿ ಬರುವುದು ಕೆಳಗಿನಿಂದ. ಫೋಮ್ ಮ್ಯಾಟ್ ನಾಲ್ಕು ಕಡೆ ಜಾರಿ ಮಕ್ಕಳು ಬರೀ ನೆಲಕ್ಕೆ ಬಂದಿದ್ದರು. ಅದಕ್ಕೇ ಟೆಂಟಿನ ಅಳತೆಗೇ ಒಂದು ಕೌದಿ (ಹಳೆ ಬಟ್ಟೆ ಪದರ ಪದರ ಸೇರಿಸಿ ಹೊಲಿದ ಹಾಸು) ಹೊಲಿಸಬೇಕು ಅಂತಿದ್ದೇನೆ, ಎಂಟು ಅಡಿಗೆ ಏಳು ಅಡಿ. ಅವ್ವ ಹಳೆ ಸೀರೆ ತೆಗೆದಿಟ್ಟಿದ್ದಾಳೆ. ಎಷ್ಟು ಪದರ ಹಾಕಿದರೆ ಸಾಕು, ಒದ್ದೆಯಾದರೆ ಒಣಗಲು ಎಷ್ಟು ಹೊತ್ತು? ಕೌದಿ ಹಾಸಿ ಮಲಗಿದವರು ಯಾರಾದರೂ ಇದ್ದರೆ ಹೇಳಿ. ಅವ್ವನಿಗೆ ನನಗಿಂತ ಹುರುಪು ಜಾಸ್ತಿ.

ಶನಿವಾರ ಸಂಜೆ ಕುಳ್ಳಿನ ಬೆಂಕಿಯಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಟ್ಟುಕೊಂಡು ತಿಂದೆವು, ಟೆಂಟಿನಿಂದ ದೂರ, ಗಾಳಿ ಕಿಡಿಯನ್ನು ಟೆಂಟಿನ ಕಡೆ ತರದ ದಿಕ್ಕಿನಲ್ಲಿ. ಒಂದು ಕಿಡಿ ಹಾರಿದರೂ ಫ್ಲೈ ತೂತು. ಆಮೇಲೆ ಗಾಳಿ ಎದ್ದಾಗ ಚಿಕ್ಕವಳು ಕಣ್ಣು ಬಿಟ್ಟು, "ಗೂಟ ಐತಿಲ್ಲೋ?" ಅಂದಳು. ಐತಿ ಅಂದೆ. ಹೊರಳಿ ಮಲಗಿದಳು.

ಬೆಳಿಗ್ಗೆ ಐದು ಗೂಟಗಳನ್ನು ಅತ್ತಿತ್ತ ಬಡಿದು ಸಡಿಲಿಸಿ ತೆಗೆದೆವು. ಆರನೆಯದು ಬರಲೇ ಇಲ್ಲ. ಕಾಕಾ "ಇರಲಿ ಬಿಡು" ಅಂದು ಅದಕ್ಕೆ ಕರು ಕಟ್ಟಿದರು. ಬಡಿಗೇರರಿಗೆ ಇನ್ನೊಂದು ಮಾಡಲು ಹೇಳಿದ್ದೇನೆ.