ಹತ್ತಿಗೆ ಅಂಟಿದ ನೀಲಿ

ನನ್ನ ಕೈಕೆಲಸವನ್ನು ತಿಳಿವಳಿಕಸ್ಥರೊಬ್ಬರು ಮನಸಾರೆ ಹೊಗಳಿದ್ದು ಅದೇ ಮೊದಲು. ಆದರೆ ಅವರು ಹೊಗಳುತ್ತಿದ್ದುದು ಇನ್ನೊಬ್ಬ ಕಲಾವಿದನನ್ನು ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆಗ ನನಗೆ 26 ವರ್ಷ. ಎರಡು ಪ್ರದರ್ಶನಗಳಾಗಿದ್ದವು, ಎರಡಕ್ಕೂ ಬಂದವರು ಗೋಡೆಯ ಉದ್ದಕ್ಕೂ ಒಂದು ಸುತ್ತು ನಡೆದು, ಸಂದರ್ಶಕರ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಹೋಗಿದ್ದರು. ಹೊಟ್ಟೆಪಾಡಿಗಾಗಿ ಹಳೆಯ ತೈಲಚಿತ್ರಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿ ಸೇರಿಕೊಂಡಿದ್ದೆ. ಕೆಲಸ ಕಲಿಯುವವರು ದುರಸ್ತಿಗೆ ಬಂದ ಚಿತ್ರಗಳ ಪ್ರತಿ ಬರೆಯುವುದು ಅಲ್ಲಿನ ರೂಢಿ. ಅದಕ್ಕೆ ಗುರುಗಳು ಮೂರು ಕಟ್ಟಳೆಗಳನ್ನು ಹಾಕಿದ್ದರು: ಪ್ರತಿಯ ಅಳತೆ ಮೂಲದ್ದಕ್ಕಿಂತ ಬೇರೆಯಾಗಿರಬೇಕು, ಸಹಿಯನ್ನು ನಕಲು ಮಾಡಬಾರದು, ಕ್ಯಾನ್ವಾಸಿನ ಬೆನ್ನಿಗೆ ‘ಪ್ರತಿ’ ಎಂದು ಬರೆದು ತಾರೀಕು ಹಾಕಬೇಕು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ಪ್ರತಿ ಬರೆಯುವವರಿಗೂ ಅಳತೆ ಮತ್ತು ಸಹಿಯ ಬಗ್ಗೆ ಇಂಥದೇ ನಿಯಮಗಳಿವೆ ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ ಇವೆಲ್ಲ ವಯಸ್ಸಾದವರ ಅತಿಯಾದ ಎಚ್ಚರಿಕೆಯಂತೆ ಕಂಡಿದ್ದವು.

ಸಂಗ್ರಾಹಕರೊಬ್ಬರು ತಮ್ಮ ಮನೆಯ ಹಳೆಯ ನಿಸರ್ಗಚಿತ್ರವೊಂದನ್ನು ಶುಚಿಗೊಳಿಸಲು ಕೊಟ್ಟಿದ್ದರು. ಮಳೆ ನಿಂತ ಮೇಲಿನ ಆಕಾಶ, ಕೆಳಗೆ ಒಂದು ಹೊಳೆ, ಎಲ್ಲದರ ಮೇಲೂ ವಾರ್ನಿಷ್ ಹಳದಿಗಟ್ಟಿ ಬಂದ ಕಂದು ಮಬ್ಬು. ನಾನು ಅದರ ಪ್ರತಿ ಬರೆಯತೊಡಗಿದೆ. ಕಸಕ್ಕೆ ಹಾಕಿದ್ದ ಹಳೆಯ ಕ್ಯಾನ್ವಾಸೊಂದು ಸಿಕ್ಕಿತ್ತು. ಅದರ ಮೇಲಿನ ಬಣ್ಣವನ್ನು ಹೆರೆದು, ಮೂಲದ ಅಳತೆಗೇ ಚೌಕಟ್ಟಿಗೆ ಬಿಗಿದೆ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಮಬ್ಬು ಬರಲೆಂದು ತೆಳುವಾಗಿ ಕಂದು ವಾರ್ನಿಷ್ ಬಳಿದೆ. ಬಲಮೂಲೆಯ ಸಹಿಯನ್ನು, ಕೊನೆಯ ಅಕ್ಷರದ ಬಾಲ ಕೆಳಕ್ಕೆ ಹೊರಳುವ ಬಗೆಯ ಸಮೇತ, ಬರೆದೆ. ಬೆನ್ನಿಗೆ ಏನನ್ನೂ ಬರೆಯಲಿಲ್ಲ. ಯಾರಾದರೂ ಕೇಳಿದ್ದರೆ ಅಭ್ಯಾಸಕ್ಕೆ ಎನ್ನುತ್ತಿದ್ದೆ, ಹಾಗೆಂದು ನಂಬಿಯೂ ಇದ್ದೆ.

ಒಂದು ಮಧ್ಯಾಹ್ನ ಗುರುಗಳು ಹೊರಗೆ ಹೋಗಿದ್ದಾಗ ಆ ಸಂಗ್ರಾಹಕರು ಹೇಳದೆ ಕೇಳದೆ ಬಂದರು. ಚಿತ್ರವನ್ನು ಶುಚಿಗೊಳಿಸಿದರೆ ಅದರ ಹಳತನವೇ ಹೋಗಿಬಿಟ್ಟೀತೆಂಬ ಅಳುಕು ಅವರಿಗಿತ್ತು. ಇನ್ನೊಮ್ಮೆ ನೋಡಿ ತೀರ್ಮಾನಿಸುತ್ತೇನೆ ಎಂದರು. ಮೂಲಚಿತ್ರ ಒಳಕೋಣೆಯಲ್ಲಿತ್ತು. ಈಸೆಲ್ ಮೇಲೆ ನನ್ನದಿತ್ತು. ಅವರು ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ನನ್ನ ಸ್ವಂತ ಚಿತ್ರಗಳೆರಡನ್ನು, ಗೋಡೆಯ ಸುಣ್ಣವನ್ನು ದಾಟುವಂತೆ, ದಾಟಿಕೊಂಡು ನೇರವಾಗಿ ಈಸೆಲ್ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ‘ಇಷ್ಟು ವರ್ಷ ನಮ್ಮ ಗೋಡೆಯ ಮೇಲೇ ಇತ್ತು, ಈ ಮೋಡದ ಅಂಚನ್ನು ನಾನು ನೋಡಿಯೇ ಇರಲಿಲ್ಲ ನೋಡಿ,’ ಎಂದರು. ‘ಈ ಕೈ ಈಗಿನವರಿಗೆಲ್ಲಿ ಬರಬೇಕು?’

ಆ ಮೋಡದ ಅಂಚು ಮೂಲದಲ್ಲಿ ಇರಲಿಲ್ಲ. ಕುಂಚ ಜಾರಿ ಬಿದ್ದ ಗೆರೆಯೊಂದು ಚೆನ್ನಾಗಿ ಕಂಡಿತೆಂದು ನಾನು ಹಾಗೇ ಉಳಿಸಿಕೊಂಡಿದ್ದೆ. ಇಡೀ ಚಿತ್ರದಲ್ಲಿ ನನ್ನದೆಂದು ಹೇಳಬಹುದಾದದ್ದು ಅದೊಂದೇ, ಅವರ ಕಣ್ಣು ನಿಂತದ್ದೂ ಅಲ್ಲಿಯೇ. ‘ಸರ್, ಇದು ಪ್ರತಿ’ ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಹೇಳಿದೊಡನೆ ಆ ಕಣ್ಣು ಬೇರೆಯಾಗುತ್ತದೆ, ಅದೇ ಅಂಚು ಅವರಿಗೆ ತಪ್ಪಾಗಿ ಕಾಣತೊಡಗುತ್ತದೆ ಎಂದು ನನಗೆ ಖಚಿತವಾಗಿತ್ತು. ಹಣದ ಯೋಚನೆ ಆ ಗಳಿಗೆಯಲ್ಲಿ ಸುಳಿಯಲೇ ಇಲ್ಲ; ಸುಳಿದಿದ್ದರೆ ಬಹುಶಃ ಹೆದರಿ ಬಾಯಿಬಿಡುತ್ತಿದ್ದೆ.

ಗುರುಗಳು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ತಿಳಿಯಲಿಲ್ಲ. ಬೈಯಲಿಲ್ಲ. ಬಂದವರಿಗೆ ನಮಸ್ಕಾರ ಹೇಳಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಆಕಾಶದ ಎಡಮೂಲೆಯಲ್ಲಿ ಮೆಲ್ಲಗೆ ಉರುಳಿಸಿದರು. ಹತ್ತಿ ಮೊದಲು ಕಂದಾಯಿತು, ಮತ್ತೆ ಉರುಳಿಸಿದಾಗ ನೀಲಿಯಾಯಿತು. ‘ಹಳೆಯದಾಗಿದ್ದರೆ ಈ ಕಂದು ಬಂದು ಅಲ್ಲಿಗೆ ನಿಲ್ಲಬೇಕಿತ್ತು,’ ಎಂದು ಹತ್ತಿಯನ್ನು ಅವರತ್ತ ಹಿಡಿದರು. ‘ಇದು ನಮ್ಮ ಹುಡುಗ ಬರೆದದ್ದು. ನಿಮ್ಮದು ಒಳಗಿದೆ, ಬನ್ನಿ.’ ಅಗಸೆ ಎಣ್ಣೆಯ ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ದಶಕಗಳೇ ಹಿಡಿಯುತ್ತವೆ. ನನ್ನದಕ್ಕೆ ಎರಡು ತಿಂಗಳೂ ಆಗಿರಲಿಲ್ಲ.

ಈ ಪರೀಕ್ಷೆಯನ್ನು ಗೆಲ್ಲಲೆಂದೇ ವರ್ಷಗಟ್ಟಲೆ ದುಡಿದವನೊಬ್ಬನಿದ್ದ ಎಂಬುದನ್ನು ನಾನು ಓದಿದ್ದು ಆ ವಾರವೇ. ನೆದರ್ಲೆಂಡ್ಸಿನ ಹಾನ್ ವಾನ್ ಮೇಗರೆನ್ ಎಂಬ ಆ ಚಿತ್ರಕಾರ ಬಣ್ಣಕ್ಕೆ ಫಿನಾಲ್-ಫಾರ್ಮಾಲ್ಡಿಹೈಡ್ ರಾಳ ಬೆರೆಸಿ, ಚಿತ್ರವನ್ನು ಒಲೆಯಲ್ಲಿ ಬೇಯಿಸಿ, ಸ್ಪಿರಿಟ್‌ಗೆ ಜಗ್ಗದಷ್ಟು ಗಟ್ಟಿ ಮಾಡಿದ್ದ. 1937ರಲ್ಲಿ ವಿದ್ವಾಂಸ ಅಬ್ರಹಾಂ ಬ್ರೇಡಿಯಸ್ ಅವನ ಚಿತ್ರವೊಂದನ್ನು 17ನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಶ್ರೇಷ್ಠ ಕೃತಿಯೆಂದು ಕೊಂಡಾಡಿದರು. ಅದು ರಾಟರ್‌ಡ್ಯಾಮಿನ ಬೊಯ್ಮನ್ಸ್ ಸಂಗ್ರಹಾಲಯವನ್ನು ಸೇರಿತು. ಅವನ ಇನ್ನೊಂದು ‘ವರ್ಮೀರ್’ ನಾಜಿ ನಾಯಕ ಗೋರಿಂಗ್‌ನ ಪಾಲಾಯಿತು. ದೇಶದ ಸಂಪತ್ತನ್ನು ಶತ್ರುವಿಗೆ ಮಾರಿದನೆಂದು 1945ರಲ್ಲಿ ಬಂಧನವಾದಾಗ, ತಲೆ ಉಳಿಸಿಕೊಳ್ಳಲು ‘ಅದು ನನ್ನದೇ’ ಎನ್ನಬೇಕಾಯಿತು. ಅದನ್ನು ಸಾಬೀತುಪಡಿಸಲು ಕಾವಲಿನಲ್ಲಿದ್ದುಕೊಂಡೇ ಮತ್ತೊಂದು ‘ವರ್ಮೀರ್’ ಬರೆದ. 1947ರಲ್ಲಿ ಒಂದು ವರ್ಷದ ಶಿಕ್ಷೆಯಾಯಿತು; ಅದನ್ನು ಅನುಭವಿಸುವ ಮೊದಲೇ ಡಿಸೆಂಬರ್ 30ರಂದು ತೀರಿಕೊಂಡ. ತನ್ನನ್ನು ಕಡೆಗಣಿಸಿದ ವಿಮರ್ಶಕರಿಗೆ ಪಾಠ ಕಲಿಸಲು ಹೊರಟಿದ್ದೆ ಎಂದು ಅವನು ಹೇಳಿಕೊಂಡದ್ದನ್ನು ಓದಿದಾಗ, ನನ್ನ ಎರಡು ಪ್ರದರ್ಶನಗಳ ಸಂದರ್ಶಕರ ಪುಸ್ತಕಗಳು ಕಣ್ಣ ಮುಂದೆ ಬಂದವು. ಪಾಠವೇ ಉದ್ದೇಶವಾಗಿದ್ದರೆ ಬ್ರೇಡಿಯಸ್ ಹೊಗಳಿದ ದಿನವೇ ಬಾಯಿಬಿಡಬಹುದಿತ್ತಲ್ಲ! ಸುಮ್ಮನಿರುವುದು ಎಷ್ಟು ಸಿಹಿಯಾಗಿರುತ್ತದೆ ಎಂಬುದು ಹತ್ತು ನಿಮಿಷದ ಮಟ್ಟಿಗಾದರೂ ನನಗೆ ಗೊತ್ತಿತ್ತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ದಿನಗಳ ಮೇಲೆ ಆ ಸಂಗ್ರಾಹಕರು ಒಬ್ಬರೇ ಬಂದು, ದನಿ ತಗ್ಗಿಸಿ, ತಮಗೆ ಇಬ್ಬರು ಗಂಡುಮಕ್ಕಳೆಂದೂ ಚಿತ್ರ ಇರುವುದು ಒಂದೇ ಎಂದೂ ಹೇಳಿದರು. ಅದರ ಜೊತೆಗೆ ನಿಲ್ಲುವಂಥದ್ದು ಇನ್ನೊಂದಿದ್ದರೆ ಮುಂದೆ ಜಗಳವಾಗುವುದಿಲ್ಲ. ಯಾವುದು ಯಾವುದೆಂದು ಯಾರಿಗೂ ತಿಳಿಯಬೇಕಾದ್ದಿಲ್ಲ. ‘ಆ ಮೋಡದ ಅಂಚೊಂದನ್ನು ಮಾತ್ರ ಸರಿಮಾಡಿಬಿಡಿ,’ ಎಂದರು. ನಾನು ಥಟ್ಟನೆ ನಿರಾಕರಿಸಿದೆನೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಎರಡು ದಿನ ಸಮಯ ಕೇಳಿದೆ. ಎರಡನೆಯ ರಾತ್ರಿ ಪ್ರತಿಯನ್ನು ತಿರುಗಿಸಿಟ್ಟು, ಬೋಳು ಬೆನ್ನನ್ನು ನೋಡುತ್ತ ಕುಳಿತಿದ್ದಾಗ, ಅವರು ಕೇಳುತ್ತಿರುವ ಕೆಲಸವನ್ನು ನಾನು ಅವರು ಕೇಳುವ ಮೊದಲೇ ಮುಕ್ಕಾಲು ಪಾಲು ಮಾಡಿ ಮುಗಿಸಿದ್ದೇನೆ ಎಂಬುದು ಹೊಳೆಯಿತು. ಅಳತೆ, ಸಹಿ, ಬೆನ್ನು, ಮೂರೂ ಕಟ್ಟಳೆಗಳನ್ನು ಮುರಿದದ್ದು ಸೋಮಾರಿತನದಿಂದಲ್ಲ. ಸಹಿ ಬರೆಯಲು ನನಗೆ ಅರ್ಧ ದಿನ ಹಿಡಿದಿತ್ತು.

ಎರಡು ಅಂಗುಲ ಚಿಕ್ಕದಾಗಿ, ನನ್ನ ಹೆಸರು ಹಾಕಿ ಬರೆದುಕೊಡುತ್ತೇನೆ ಎಂದೆ. ‘ನಿಮ್ಮ ಹೆಸರಿದ್ದರೆ ಅದರಿಂದ ಏನು ಪ್ರಯೋಜನ?’ ಎಂದು, ಯಾವ ಕೊಂಕೂ ಇಲ್ಲದೆ, ಸಹಜವಾಗಿಯೇ ಕೇಳಿ ಹೊರಟುಹೋದರು. ಗುರುಗಳಿಗೆ ಇದನ್ನು ನಾನು ಹೇಳಲಿಲ್ಲ.

ಆ ಪ್ರತಿ ಈಗಲೂ ನನ್ನಲ್ಲಿದೆ. ಸಹಿಯನ್ನು ಅದೇ ಸ್ಪಿರಿಟ್‌ನಿಂದ ಒರೆಸಿದೆ, ಬೆನ್ನಿಗೆ ‘ಪ್ರತಿ’ ಎಂದು ದೊಡ್ಡದಾಗಿ ಬರೆದೆ. ಆಕಾಶದ ಎಡಮೂಲೆಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ಅಗಲಕ್ಕೆ ಬಣ್ಣ ಹೋಗಿ ಕೆಳಗಿನ ಬಿಳಿ ಕಾಣುತ್ತಿದೆ. ಹತ್ತು ನಿಮಿಷದ ಕೆಲಸ, ಇಷ್ಟು ವರ್ಷವಾದರೂ ಯಾಕೆ ತುಂಬಿಲ್ಲವೆಂದು ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು. ಆ ನೀಲಿಯನ್ನು ಹೇಗೆ ಬೆರೆಸಿದ್ದೆನೋ ಮರೆತುಹೋಗಿದೆಯಮ್ಮಾ ಎಂದುಬಿಟ್ಟೆ. ಮರೆತಿಲ್ಲ.